ಫ್ಯೂಸ್ ಕಿತ್ತ ಮೇಲೂ ಹರಿದ ಕರೆಂಟು

ತಿಮ್ಮಪ್ಪ ಮೂವತ್ತನಾಲ್ಕು ವರ್ಷ ವೈರ್‌ಮ್ಯಾನ್ ಕೆಲಸ ಮಾಡಿದ. ಅಷ್ಟು ವರ್ಷಗಳಲ್ಲಿ ಅವನ ಕೆಲಸದಿಂದ ಒಬ್ಬರಿಗೂ ಪೆಟ್ಟಾಗಿರಲಿಲ್ಲ. ರಕ್ಷಾ ಎಂಬ ಹುಡುಗಿಯ ಎಡಗೈ ಮುರಿದ ದಿನವೂ ಅವನು ತನ್ನ ನಿಯಮವನ್ನು ಮೀರಿರಲಿಲ್ಲ. ಅವನನ್ನು ಬುಡಸಮೇತ ಅಲ್ಲಾಡಿಸಿದ್ದು ಅದೇ. ತಪ್ಪು ಮಾಡಿ ಅನಾಹುತವಾದರೆ ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಅನಾಹುತವಾದರೆ ಕಾಲ ಕೆಳಗಿನ ನೆಲದ ಮೇಲೂ ನಂಬಿಕೆ ಉಳಿಯುವುದಿಲ್ಲ.

ನಿಯಮ ಬಹಳ ಸರಳ. ಕೆಲಸಕ್ಕೆ ಕೈಹಾಕುವ ಮೊದಲು ಮೇನ್ ಬೋರ್ಡಿನ ಫ್ಯೂಸನ್ನು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳಬೇಕು. ಬೋರ್ಡಿನ ಮೇಲಿಡುವಂತಿಲ್ಲ, ಮೇಸ್ತ್ರಿಯ ಕೈಗೆ ಕೊಡುವಂತಿಲ್ಲ. ಜೇಬಿಗೆ ಹಾಕಿ ಗುಂಡಿ ಬಿಗಿಯಬೇಕು. ಕೊನೆಯ ಸ್ಕ್ರೂ ತಿರುಗಿಸಿ, ಜನರೆಲ್ಲ ದೂರ ಸರಿದ ಮೇಲೆ ತಾನೇ ಹೋಗಿ ಹಾಕಬೇಕು. ಮೂಡಿಗೆರೆ, ಮಲ್ಲಂದೂರು, ಕಳಸದ ಕಡೆಯ ಎಸ್ಟೇಟುಗಳಲ್ಲೆಲ್ಲ ಅವನಿಗೆ ಫ್ಯೂಸ್ ತಿಮ್ಮಪ್ಪ ಎಂದೇ ಹೆಸರು. ಒಂದು ಸಲ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಂತು, ಕೊಯ್ದು ತಂದ ಹಣ್ಣು ರಾಶಿಯಾಗಿ ಬಿದ್ದಿತ್ತು. ತೋಟದ ಲೆಕ್ಕ ಬರೆಯುವ ರೈಟರು ಬೈಕಿನಲ್ಲಿ ಬಸ್ಸನ್ನು ಅಟ್ಟಿಸಿಕೊಂಡು ಬಂದು ಹಿಡಿದಾಗ ಬಸ್ಸಿನ ಜನವೆಲ್ಲ ನಕ್ಕಿದ್ದರು. ತಿಮ್ಮಪ್ಪ ನಗಲಿಲ್ಲ. ಮರೆತು ಒಯ್ದದ್ದಕ್ಕೆ ಬೈಸಿಕೊಳ್ಳುತ್ತೇನೆ, ಬಿಟ್ಟು ಹೋಗಿದ್ದಕ್ಕೆ ಹೆಣ ಹೊರಲಾರೆ ಎಂದಿದ್ದ.

ಹೆಣ ಹೊತ್ತ ಅನುಭವ ಅವನಿಗಿತ್ತು. ಕೆಲಸ ಕಲಿಸಿದ ದಯಾನಂದ ಕಳಸದ ಹತ್ತಿರದ ಒಂದು ಬಂಗಲೆಯಲ್ಲಿ ಏಣಿಯ ಮೇಲೆಯೇ ಸತ್ತಿದ್ದ. ಅವನು ಕಿತ್ತು ಬೋರ್ಡಿನ ಮೇಲಿಟ್ಟಿದ್ದ ಫ್ಯೂಸನ್ನು ಅಡಿಗೆಯವನು, ಮಿಕ್ಸಿ ತಿರುಗುತ್ತಿಲ್ಲವೆಂದು, ತಿರುಗಿ ಹಾಕಿದ್ದ. ಕೆಳಗೆ ಏಣಿ ಹಿಡಿದಿದ್ದವನು ತಿಮ್ಮಪ್ಪ. ಆಗ ಅವನಿಗೆ ಮೂವತ್ತೊಂದು ವರ್ಷ. ಅಂದು ಅವನು ಎರಡು ವಿಷಯಗಳನ್ನು ನಿಶ್ಚಯಿಸಿಕೊಂಡ. ಸಪ್ಲೈ ಕಿತ್ತರೆ ತಂತಿ ಸತ್ತ ಹಾಗೆ. ಸತ್ತ ತಂತಿಗೆ ಜೀವ ಬಂದರೆ ಯಾರೋ ಒಬ್ಬರು ಕೈಯಾಡಿಸಿದ್ದಾರೆಂದೇ ಅರ್ಥ. ಮೊದಲನೆಯದನ್ನು ನಂಬಿ ಅವನು ಬದುಕಿದ. ಎರಡನೆಯದನ್ನು ನಂಬಿ ಒಬ್ಬಳ ಬದುಕನ್ನು ಹಾಳುಮಾಡಲು ಹೊರಟ.

ಸುರೇಂದ್ರ ಮಲ್ಲಂದೂರು ಕಡೆಯ ಪ್ಲಾಂಟರ್. ಇಬ್ಬರು ಪಾಲುದಾರರೊಂದಿಗೆ ಸೇರಿ ಐದು ವರ್ಷಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರ್ ತೆರೆದಿದ್ದರು. ಅವರು ಡಾಕ್ಟರಲ್ಲ. ತೆಗೆದ ಚಿತ್ರಗಳು ಕಂಪ್ಯೂಟರಿನಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿನ ಡಾಕ್ಟರು ನೋಡಿ, ವರದಿ ಸಂಜೆಗೆ ವಾಪಸು ಬರುತ್ತಿತ್ತು. ಅವರ ಎಸ್ಟೇಟಿನ ವೈರಿಂಗ್ ಇಪ್ಪತ್ತೈದು ವರ್ಷಗಳಿಂದ ತಿಮ್ಮಪ್ಪನದೇ ಆದ್ದರಿಂದ ಸೆಂಟರಿನ ಲೈಟು, ಫ್ಯಾನು, ಏಸಿಗಳೂ ಅವನಿಗೇ ಬಂದವು. ಎಂ.ಆರ್.ಐ. ಯಂತ್ರ ಮಾತ್ರ ಕಂಪನಿಯವರದು. ಆ ಕೋಣೆಯೊಳಗೆ ಅವನು ಕಾಲಿಟ್ಟಿರಲಿಲ್ಲ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡಿತ್ತು: ಎಚ್ಚರಿಕೆ, ಆಯಸ್ಕಾಂತ ಸದಾ ಚಾಲನೆಯಲ್ಲಿರುತ್ತದೆ. ತಿಮ್ಮಪ್ಪ ಅದನ್ನು ಓದಿದ್ದ. ಓದಿ ಏನೂ ಅನ್ನಿಸಿರಲಿಲ್ಲ. ಲೈಟುಕಂಬದ ಮೇಲೆ ತಲೆಬುರುಡೆ ಬರೆದು ಅಪಾಯ ಎಂದು ಹಾಕಿರುತ್ತಾರೆ. ಲೈನ್ ಸತ್ತು ಮೂರು ದಿನವಾಗಿದ್ದರೂ ಆ ತಲೆಬುರುಡೆ ಅಲ್ಲೇ ಇರುತ್ತದೆ. ಬೋರ್ಡಿನ ಮಾತು ಬೇರೆ, ಕರೆಂಟಿನ ಮಾತು ಬೇರೆ ಎಂಬುದು ಅವನ ತಿಳಿವಳಿಕೆ.

ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಹನ್ನೊಂದು ಗಂಟೆಗೆ, ಜನರೇಟರಿಗೆ ತಿರುಗಿಸುವ ಚೇಂಜ್‌ಓವರ್ ಸ್ವಿಚ್ಚು ಸುಟ್ಟ ವಾಸನೆ ಬಂತೆಂದು ತಿಮ್ಮಪ್ಪನನ್ನು ಕರೆಸಿದರು. ಅವನು ಬಂದಾಗ ಇಡೀ ಕಟ್ಟಡ ಕತ್ತಲಾಗಿತ್ತು. ಎಂ.ಆರ್.ಐ. ಕೋಣೆಯೊಳಗೆ ಕಳಸದ ದೇವೀರಮ್ಮ ಎಂಬ ಎಪ್ಪತ್ತು ವರ್ಷದ ಹೆಂಗಸು, ಸೊಂಟದ ಚಿತ್ರಕ್ಕೆಂದು ಬಂದವರು, ಯಂತ್ರದ ಸುರಂಗದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಮಲಗಿದ್ದರು. ಸದ್ದು ಕೇಳಿಸಬಾರದೆಂದು ಅವರ ಕಿವಿಗೆ ಬೆಣೆ ತುರುಕಿತ್ತು. ಟೆಕ್ನಿಷಿಯನ್ ರಕ್ಷಾ, ಜಾವಳಿಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಗಾಳಿ ಬೆಳಕಿಗೆಂದು ಬಾಗಿಲು ತೆರೆದಿಟ್ಟು, ಮಂಚವನ್ನು ಕೈಯಿಂದ ಹೊರಕ್ಕೆ ಎಳೆಯುವ ಹಿಡಿಯನ್ನು ತಡಕಾಡುತ್ತಿದ್ದಳು.

ತಿಮ್ಮಪ್ಪ ಮೇನ್ ಬೋರ್ಡಿಗೆ ಹೋಗಿ ಮೂರು ಫ್ಯೂಸು ಕಿತ್ತು ಜೇಬಿಗೆ ಹಾಕಿ ಗುಂಡಿ ಬಿಗಿದ. ಎಂ.ಆರ್.ಐ. ಕೋಣೆಯಿಂದ ಹಗಲಿರುಳೂ ಕೇಳಿಸುತ್ತಿದ್ದ ಚಿಕ್ ಚಿಕ್ ಸದ್ದೂ ನಿಂತಿತ್ತು. ಮೋಟರಿನ ಸದ್ದು ನಿಂತರೆ ಮೋಟರ್ ನಿಂತಂತೆ. ಅವನು ಕೋಣೆಯ ಬಾಗಿಲಿಗೆ ಬಂದು, ಹೆದರಬೇಡಮ್ಮ, ಫ್ಯೂಸ್ ನನ್ನ ಜೇಬಿನಲ್ಲಿದೆ, ಮಂಚ ಎಳೆಯಲು ನಾನೂ ಕೈಹಾಕುತ್ತೇನೆ ಎಂದ.

"ಬರ್ಬೇಡಿ ತಿಮ್ಮಪ್ಪಣ್ಣ," ಎಂದಳು ರಕ್ಷಾ. "ಅದು ಆಫ್ ಆಗಲ್ಲ."

ಈ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೇಳಿಸಿಯೂ ಅವನು ಒಳಗೆ ಕಾಲಿಟ್ಟ. ನಿನ್ನೆ ಮೊನ್ನೆಯ ಹುಡುಗಿಗೆ ಫ್ಯೂಸಿನ ವಿಷಯ ಏನು ಗೊತ್ತು ಎಂದುಕೊಂಡ.

ಎರಡು ಹೆಜ್ಜೆ ಇಡುವಷ್ಟರಲ್ಲಿ ಹೆಗಲಿನಲ್ಲಿದ್ದ ಸಾಮಾನಿನ ಚೀಲ ತಾನಾಗಿ ಮೇಲೆದ್ದಿತು. ಯಾರೋ ಕಿತ್ತುಕೊಳ್ಳುತ್ತಿದ್ದಾರೆಂದು ಅವನು ಹಿಂದಕ್ಕೆ ನೋಡಿದ. ಯಾರೂ ಇರಲಿಲ್ಲ. ಚೀಲ ಮುಂದಕ್ಕೆ ಎಳೆಯುತ್ತಿತ್ತು, ಸರಪಳಿ ಕಟ್ಟಿದ ನಾಯಿ ಜಗ್ಗುವ ಹಾಗೆ. ಅವನು ಎರಡೂ ಕೈಯಲ್ಲಿ ಹಿಡಿದ. ಹಿಡಿತ ನಿಲ್ಲಲಿಲ್ಲ. ಸುತ್ತಿಗೆ, ಸ್ಪ್ಯಾನರು, ಕಟಿಂಗ್ ಪ್ಲೇರು ತುಂಬಿದ್ದ ಐದಾರು ಕಿಲೋ ಭಾರದ ಚೀಲ, ಪಟ್ಟಿ ಹರಿದುಕೊಂಡು, ನೆಲಕ್ಕೆ ಬೀಳದೆ ಗಾಳಿಯಲ್ಲಿ ಅಡ್ಡಡ್ಡ ಹಾರಿಹೋಯಿತು. ಸುರಂಗದ ಬಾಯಲ್ಲಿ ದೇವೀರಮ್ಮನವರ ತಲೆ ಇತ್ತು. ರಕ್ಷಾ ತನ್ನ ಎಡಗೈಯನ್ನು ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ತಿಮ್ಮಪ್ಪನಿಗೆ ಬಾಗಿಲ ಹತ್ತಿರಕ್ಕೆ ಕೇಳಿಸಿತು.

ಆಮೇಲೆ ನಡೆದದ್ದು ಅದಕ್ಕಿಂತ ವಿಚಿತ್ರ. ಚೀಲ ಅವಳ ಕೈಯನ್ನು ಯಂತ್ರಕ್ಕೆ ಒತ್ತಿ ಹಿಡಿದಿತ್ತು. ಬಿಡಿಸಲು ಹೋದ ತಿಮ್ಮಪ್ಪನ ಕೈಲಾಗಲಿಲ್ಲ. ಸತ್ತ ಯಂತ್ರ, ಕತ್ತಲ ಕೋಣೆ, ಫ್ಯೂಸು ಜೇಬಿನಲ್ಲಿ. ಚೀಲ ಮಾತ್ರ ಬೆಸುಗೆ ಹಾಕಿದಂತೆ ಕೂತಿತ್ತು. ರಕ್ಷಾ ಅಳಲಿಲ್ಲ. ಬಲಗೈಯಿಂದ ಗೋಡೆಯ ಮೇಲಿನ ಒಂದು ಕೆಂಪು ಗುಂಡಿಯ ಮುಚ್ಚಳ ಕಿತ್ತು ಒತ್ತಿದಳು. ಚಾವಣಿಯೊಳಗೆ ಲಾರಿಯ ಟೈರ್ ಸಿಡಿದಂಥ ಸದ್ದು, ಅದರ ಹಿಂದೆಯೇ ದೀರ್ಘವಾದ ಭೋರ್ಗರೆತ. ಕಟ್ಟಡದ ಮಾಡಿನ ಕೊಳವೆಯಿಂದ ಬಿಳಿ ಮೋಡ ಎದ್ದು ರಸ್ತೆಯ ಮೇಲೆ ಇಳಿಯಿತು. ಎದುರಿನ ಚಹಾದಂಗಡಿಯವರು ಬೆಂಕಿ ಬಿತ್ತೆಂದು ಓಡಿದರು. ಅರೆ ನಿಮಿಷದಲ್ಲಿ ಚೀಲ ತನ್ನಷ್ಟಕ್ಕೆ ಕೆಳಗೆ ಬಿತ್ತು.

ಅವಳನ್ನು ಆಸ್ಪತ್ರೆಗೆ ಒಯ್ಯುವಾಗ ಹೊರಗಿನ ಹಾಲಿನಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಸುರೇಂದ್ರ ಏನಾಯಿತೆಂದು ಕೇಳಿದರು. ತಿಮ್ಮಪ್ಪ ಮುಂದೆ ಬಂದ. ಜೇಬಿನ ಗುಂಡಿ ಬಿಚ್ಚಿ ಮೂರು ಫ್ಯೂಸುಗಳನ್ನು ತೆಗೆದು ಎಲ್ಲರಿಗೂ ತೋರಿಸಿದ.

"ಇವು ನನ್ನ ಹತ್ರ ಇದ್ವು ಸಾರ್. ಜನರೇಟರ್ ಕಡೆಯಿಂದ ಇವಳೇ ಕರೆಂಟ್ ಕೊಟ್ಟಿದ್ದಾಳೆ. ಚೇಂಜ್‌ಓವರ್ ಇರೋದು ಇವಳ ರೂಮಿನ ಪಕ್ಕದಲ್ಲೇ. ನಾನು ಬೋರ್ಡಿನ ಹತ್ರ ಇದ್ದಾಗ ಕೊಟ್ಟಿಟ್ಟಿದ್ದಾಳೆ."

ಸ್ಟ್ರೆಚರಿನ ಮೇಲಿದ್ದ ರಕ್ಷಾ ಅವನ ಮುಖವನ್ನೇ ನೋಡಿದಳು.

ತಿಮ್ಮಪ್ಪ ಸುಳ್ಳು ಹೇಳಿದನೆಂದು ನಾವು ತಿಳಿಯಬಾರದು. ಅವನಿಗೆ ಬೇರೆ ವಿವರಣೆಯೇ ಹೊಳೆಯಲಿಲ್ಲ. ಫ್ಯೂಸ್ ಜೇಬಿನಲ್ಲಿದ್ದೂ ಕರೆಂಟು ಬಂದರೆ ಅದು ಮನುಷ್ಯರು ಮಾಡಿದ ಕೆಲಸ. ದಯಾನಂದನನ್ನು ಅಡಿಗೆಯವನು ಕೊಂದಂತೆಯೇ ಇದೂ. ಅವಳು ಬರಬೇಡಿ ಎಂದದ್ದನ್ನು, ಅದು ಆಫ್ ಆಗುವುದಿಲ್ಲ ಎಂದದ್ದನ್ನು ಅವನು ಮುಚ್ಚಿಡಲಿಲ್ಲ. ಅದೊಂದು ಹೇಳಬೇಕಾದ ಮಾತೆಂದೇ ಅವನಿಗೆ ತೋರಲಿಲ್ಲ. ಕಿವಿಗೆ ಬೆಣೆ ಹಾಕಿಕೊಂಡಿದ್ದ ದೇವೀರಮ್ಮನವರಿಗೆ ಏನೂ ಕೇಳಿಸಿರಲಿಲ್ಲ. ಬೇರೆ ಸಾಕ್ಷಿ ಇರಲಿಲ್ಲ.

ರಕ್ಷಾಳ ಕೈಗೆ ಪ್ಲಾಸ್ಟರ್ ಹಾಕಿದ ಮಾರನೆಯ ದಿನ ಸೆಂಟರಿನಿಂದ ಕಾಗದ ಹೋಯಿತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಕಾಗಿಲ್ಲ. ಬೇಜವಾಬ್ದಾರಿಯಿಂದ ಸಪ್ಲೈ ಕೊಟ್ಟದ್ದು ರುಜುವಾತಾದರೆ ಕೆಲಸ ಹೋಗುತ್ತದೆ. ಅಷ್ಟೇ ಅಲ್ಲ, ಅವಳಿಗೆ ಸರ್ಟಿಫಿಕೇಟ್ ಕೊಟ್ಟ ಮಂಡಳಿಗೂ ವರದಿ ಹೋಗುತ್ತದೆ. ಅಂಥ ಹೆಸರು ಹೊತ್ತವಳನ್ನು ಹಾಸನದಲ್ಲಾಗಲಿ ಮಂಗಳೂರಿನಲ್ಲಾಗಲಿ ಯಾವ ಸ್ಕ್ಯಾನಿಂಗ್ ಕೋಣೆಯೊಳಗೂ ಬಿಡುವುದಿಲ್ಲ. ಕಾಫಿ ತೋಟದ ಕೂಲಿ ಪಾಪಮ್ಮನ ಮಗಳು ಡಿಪ್ಲೊಮಾ ಓದಿ ಹಿಡಿದ ಕೆಲಸ ತಿಮ್ಮಪ್ಪನ ಒಂದು ಮಾತಿನ ಮೇಲೆ ನಿಂತಿತ್ತು. ವಿಚಾರಣೆ ಆಗಸ್ಟ್ ಕೊನೆಗೆಂದು ಗೊತ್ತಾಯಿತು.

ಸುರೇಂದ್ರ ತಿಮ್ಮಪ್ಪನಿಗೆ ಒಂದು ಸೂಚನೆ ಕೊಟ್ಟರು. ಅವಳು ಯಂತ್ರ ತಾನಾಗಿಯೇ ಚಾಲೂ ಇರುತ್ತದೆಂದು ವಾದಿಸುತ್ತಿದ್ದಾಳೆ. ಸಪ್ಲೈ ಇಲ್ಲದೆ ಕರೆಂಟು ಹರಿಯುವುದಿಲ್ಲವೆಂದು ಓದಿದವರೊಬ್ಬರಿಂದ ಬರೆಸಿ ತಂದರೆ ಅನುಕೂಲ. ಬೆಂಕಿ ಸುಡುತ್ತದೆಂದು ಬರೆಸಿ ತರಲು ಹೇಳಿದಂತಾಯಿತಲ್ಲ ಎಂದು ತಿಮ್ಮಪ್ಪನಿಗೆ ಅನ್ನಿಸಿತು. ಆದರೂ ಹೊರಟ. ಓದಿದವರು ಅವನಿಗೆ ಗೊತ್ತಿದ್ದರು. ಮಲ್ಲಂದೂರಿನ ಪ್ರೇಮಲತಾ ಮೇಡಂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ನಾಲ್ಕು ಎಕರೆಯ ಪಂಪ್‌ಸೆಟ್ಟಿಗೆ ವೈರಿಂಗ್ ಮಾಡಿದವನೂ ಅವನೇ.

ಮೇಡಂ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ಬರೆದು ಕೊಡುವುದಿಲ್ಲ ಎಂದರು.

"ಯಾಕೆ ಮೇಡಂ?"

"ಸುಳ್ಳಾದ್ದರಿಂದ. ನೀನು ಕಿತ್ತಿದ್ದು ಹೊರಗಿನ ಸಪ್ಲೈ. ಒಳಗೆ ಸುತ್ತುತ್ತಿದ್ದ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ."

"ಸಪ್ಲೈ ಇಲ್ದೆ ಕರೆಂಟ್ ಎಲ್ಲಿಂದ ಬರ್ತದೆ?"

"ಬರೋದಿಲ್ಲ. ಅಲ್ಲೇ ಇತ್ತು. ಐದು ವರ್ಷದ ಹಿಂದೆ ಒಂದು ಸಲ ತುಂಬಿಸಿದ್ದು."

ಮೇಡಂಗೆ ವಯಸ್ಸಾಯಿತೆಂದು ತಿಮ್ಮಪ್ಪ ಅಂದುಕೊಂಡ. ಮುಖದಲ್ಲಿ ಅದು ಕಂಡಿರಬೇಕು. ಅವರು ಮೇಷ್ಟರಂತೆ ಪ್ರಶ್ನೆ ಹಾಕತೊಡಗಿದರು. ತಂತಿ ಯಾಕೆ ಬಿಸಿಯಾಗುತ್ತದೆ? ರೆಸಿಸ್ಟೆನ್ಸಿನಿಂದ ಎಂದ. ಸಪ್ಲೈ ಕಿತ್ತ ಕೂಡಲೇ ಕರೆಂಟು ಯಾಕೆ ಸಾಯುತ್ತದೆ? ಅದೂ ರೆಸಿಸ್ಟೆನ್ಸಿನಿಂದಲೇ, ಬಿಸಿಯಾಗಿ ಖರ್ಚಾಗಿಹೋಗುತ್ತದೆ ಎಂದ.

"ಸರಿ. ರೆಸಿಸ್ಟೆನ್ಸ್ ಕಡಿಮೆ ಅಂತಲ್ಲ, ಇಲ್ಲವೇ ಇಲ್ಲ. ಸೊನ್ನೆ. ತಂತಿಯ ಎರಡು ತುದಿ ಸೇರಿಸಿ ಬಳೆ ಮಾಡಿದೆ. ಈಗ ಆ ಕರೆಂಟು ಎಲ್ಲಿಗೆ ಹೋಗಬೇಕು, ಹೇಳು."

ಮೂವತ್ತನಾಲ್ಕು ವರ್ಷ ಕರೆಂಟಿನ ಜೊತೆ ಬಾಳಿದವನಿಗೆ ಅದು ಎಲ್ಲಿಗೆ ಹೋಗುತ್ತದೆಂದು ಕೇಳಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ.

ಮೇಡಂ ವಿವರಿಸಿದರು. ಆ ಯಂತ್ರದ ತಂತಿ ಬರಿಯ ತಾಮ್ರವಲ್ಲ. ನಿಯೋಬಿಯಂ ಮತ್ತು ಟೈಟಾನಿಯಂ ಎಂಬ ಎರಡು ಲೋಹಗಳನ್ನು ಬೆರೆಸಿ ಮಾಡಿದ ಮಿಶ್ರಲೋಹದ ಎಳೆಗಳು ಅದರೊಳಗಿರುತ್ತವೆ. ಅದನ್ನು ದ್ರವ ಹೀಲಿಯಮ್ಮಿನಲ್ಲಿ, ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗೆ ಮುಳುಗಿಸಿಟ್ಟಿರುತ್ತಾರೆ. ಅಷ್ಟು ತಣ್ಣಗಾದರೆ ಅದಕ್ಕೆ ರೆಸಿಸ್ಟೆನ್ಸೇ ಇರುವುದಿಲ್ಲ. ಕೋಣೆಯ ಚಿಕ್ ಚಿಕ್ ಸದ್ದು ಹೀಲಿಯಮ್ಮನ್ನು ತಣ್ಣಗಿಡುವ ಪಂಪಿನದು. ಅದು ನಿಂತರೂ ಕೆಲವು ದಿನ ಒಳಗಿನ ತಂಪು ಹಾಗೇ ಉಳಿಯುತ್ತದೆ. ರಕ್ಷಾ ಕೆಂಪು ಗುಂಡಿ ಒತ್ತಿದ್ದರಿಂದ ತಂತಿ ಬಿಸಿಯಾಗಿ, ಹೀಲಿಯಂ ಕುದಿದು ಮೋಡವಾಗಿ ಹೋಯಿತು, ಆಮೇಲೆ ಕರೆಂಟು ಸತ್ತಿತು. ಅವಳು ಒತ್ತದಿದ್ದರೆ ಚೀಲ ಇವತ್ತಿಗೂ ಅಲ್ಲೇ ಅಂಟಿಕೊಂಡಿರುತ್ತಿತ್ತು.

ಎಲ್ಲ ಲೋಹವೂ ಹಾಗೇನಾ ಎಂದು ಕೇಳಿದ. ಅಲ್ಲ ಎಂದರು ಮೇಡಂ. ಶುದ್ಧ ಸೀಸವನ್ನು ಹಾಗೆ ತಣ್ಣಗೆ ಮಾಡಿದರೆ ಅದೂ ಈ ಗುಣ ಪಡೆಯುತ್ತದೆ, ಆದರೆ ಸ್ವಲ್ಪ ಆಯಸ್ಕಾಂತದ ಬಲ ಬಿದ್ದರೆ ಸಾಕು, ಕಳೆದುಕೊಳ್ಳುತ್ತದೆ. ಬೇರೆ ಲೋಹ ಬೆರೆಸಿದರೆ ಗಟ್ಟಿಯಾಗಿ ತಡೆಯುತ್ತದೆ. ಅವರು ಓದುವ ಕಾಲದಲ್ಲಿ, ಸುಮಾರು ನಲವತ್ತೈದು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಇದನ್ನೇ ಅಳೆಯುತ್ತಿದ್ದರಂತೆ. ಸೀಸಕ್ಕೆ ಬಿಸ್ಮತ್ ಬೆರೆಸಿದ ಕಿರುಬೆರಳುದ್ದದ ಕಡ್ಡಿ. ಹೀಲಿಯಮ್ಮಿನಲ್ಲಿ ಮುಳುಗಿಸಿ, ಕರೆಂಟು ಬಿಟ್ಟು, ಸುತ್ತಲಿನ ಆಯಸ್ಕಾಂತದ ಬಲವನ್ನು ಏರಿಸುತ್ತಾ ಹೋಗುವುದು. ಒಂದು ಮಟ್ಟದಲ್ಲಿ ಕಡ್ಡಿಯ ಒಳಭಾಗ ಆ ಬಲಕ್ಕೆ ಸೋತು ಈ ಗುಣ ಕಳೆದುಕೊಳ್ಳಬೇಕು. ಲೆಕ್ಕದ ಪ್ರಕಾರ ಸೋತಿತ್ತು. ಆದರೂ ಕರೆಂಟು ತಡೆಯಿಲ್ಲದೆ ಹರಿಯುತ್ತಲೇ ಇತ್ತು.

"ಹದಿನೈದು ದಿನ ನನ್ನ ಬೆಸುಗೆಯೇ ಕೆಟ್ಟಿದೆ ಅಂತ ಬಿಚ್ಚಿ ಬಿಚ್ಚಿ ಹಾಕಿದೆ. ನಮ್ಮ ಗೈಡಿಗೆ ಗೊತ್ತಿತ್ತು. ಹೇಳಲಿಲ್ಲ. ಒದ್ದಾಡಲಿ ಅಂತ ಬಿಟ್ಟಿದ್ರು."

"ಎಲ್ಲಿ ಹರೀತಿತ್ತು ಮೇಡಂ?"

"ಮೈಮೇಲೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನ ಪೊರೆ. ಒಳಗೆಲ್ಲ ಸತ್ತಿತ್ತು, ಆ ಪೊರೆ ಬದುಕಿತ್ತು. ಕಡ್ಡಿಗೆ ತಾಮ್ರದ ಲೇಪ ಕೊಟ್ಟು ನೋಡಿದೆ. ಆ ಮೇಲ್ಮೈ ಕೆಟ್ಟಿತು, ಕರೆಂಟು ನಿಂತಿತು. ಅವತ್ತು ನಂಬಿದೆ."

ಅಂಗಳದ ಅಂಚಿನಲ್ಲಿ ಒಂದು ಹಳೆಯ ಹಲಸಿನ ಮರವಿತ್ತು. ಬುಡ ಪೂರ್ತಿ ಟೊಳ್ಳು, ಒಳಗೆ ಒಬ್ಬ ಮನುಷ್ಯ ನಿಲ್ಲಬಹುದು. ಮೇಡಂ ಅದನ್ನು ತೋರಿಸಿ, ಅದು ಈ ವರ್ಷವೂ ಕಾಯಿ ಬಿಟ್ಟಿತಲ್ಲ, ಹೇಗೆ ಎಂದರು. ತೊಗಟೆಯ ಕೆಳಗೆ ಹಸಿ ಇದೆಯಲ್ಲ, ನೀರು ಅಲ್ಲೇ ಹತ್ತುತ್ತದೆ ಎಂದು ತಿಮ್ಮಪ್ಪ ತಕ್ಷಣ ಹೇಳಿದ. ಮರದ ಬಗ್ಗೆ ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದನ್ನು ಲೋಹದ ಬಗ್ಗೆ ಒಪ್ಪಿಕೊಳ್ಳಲು ಅವನಿಂದಾಗಲಿಲ್ಲ.

ಆ ಹುಡುಗಿ ನಿನಗೆ ಏನೂ ಹೇಳಲಿಲ್ಲವೇ ಎಂದು ಮೇಡಂ ಕೇಳಿದರು. ಬರಬೇಡಿ, ಅದು ಆಫ್ ಆಗಲ್ಲ ಎಂದಿದ್ದಳೆಂದು ಅವನು ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಸುರೇಂದ್ರಂಗೆ ಹೇಳಿದ್ಯಾ?"

"ಇಲ್ಲ. ಅದೊಂದು ದೊಡ್ಡ ಮಾತು ಅಂತ ಅನ್ನಿಸ್ಲಿಲ್ಲ."

"ನಾನು ಮುಕ್ಕಾಲು ಗಂಟೆಯಿಂದ ನಿಂಗೆ ಹೇಳ್ತಿರೋದನ್ನ ಅವಳು ಮೂರು ಪದದಲ್ಲಿ ಹೇಳಿದ್ದಳು. ನನ್ನ ಮಾತನ್ನೂ ನಂಬಬೇಡ. ಕಂಪನಿಯವರು ಬಂದು ತುಂಬಿಸ್ತಾರಲ್ಲ, ಹೋಗಿ ಕಣ್ಣಲ್ಲೇ ನೋಡು."

ಅಲ್ಲಿಂದ ಹದಿನೆಂಟು ದಿನ ತಿಮ್ಮಪ್ಪನ ಸ್ಥಿತಿ ನೋಡುವಂತಿರಲಿಲ್ಲ. ಒಂದು ಎಸ್ಟೇಟಿನಲ್ಲಿ ಬಿಚ್ಚಿ ನೆಲದ ಮೇಲಿಟ್ಟಿದ್ದ ಪಲ್ಪರ್ ಮೋಟರಿನ ಮುಂದೆ ಟೆಸ್ಟರ್ ಹಿಡಿದು ಹತ್ತು ನಿಮಿಷ ನಿಂತ. ತಂತಿಯ ಸಂಪರ್ಕವೇ ಇಲ್ಲದ ಮೋಟರು. ಮುಟ್ಟಲು ಧೈರ್ಯ ಬರಲಿಲ್ಲ. "ಎಂತದು ಮಾರಾಯ, ಕಚ್ಚುತ್ತಾ ಅದು?" ಎಂದು ಮೇಸ್ತ್ರಿ ತಮಾಷೆ ಮಾಡಿದ. ತಿಮ್ಮಪ್ಪ ಮೈ ಸರಿಯಿಲ್ಲವೆಂದು ಹೇಳಿ ಮನೆಗೆ ಬಂದ. ಇಷ್ಟು ವರ್ಷ ತನ್ನನ್ನು ಕಾಪಾಡಿದ್ದು ನಿಯಮವೋ, ಅಥವಾ ಅಂಥ ಲೋಹ ತನ್ನ ಕೈಗೆ ಸಿಗದೆ ಹೋದದ್ದೋ ಎಂಬ ಅನುಮಾನ ಒಮ್ಮೆ ಹೊಕ್ಕಿತು, ಬಿಡಲಿಲ್ಲ.

ಆಗಸ್ಟ್ ಮೂರನೆಯ ವಾರ ಕಂಪನಿಯ ಇಬ್ಬರು ಎಂಜಿನಿಯರುಗಳು ಬಂದರು. ಹೀಲಿಯಮ್ಮಿನ ದೊಡ್ಡ ಪೀಪಾಯಿಗಳು ಬೇಲೂರು ದಾರಿಯಲ್ಲಿ ಲಾರಿಯಲ್ಲಿ ಬಂದವು. ಎರಡು ದಿನ ತಣ್ಣಗೆ ಮಾಡಿದರು. ಮೂರನೆಯ ದಿನ ತುಂಬುವ ಕೆಲಸ. ತಿಮ್ಮಪ್ಪ ಬೆಲ್ಟು, ಬೀಗದಕೈ, ಟೆಸ್ಟರು ಎಲ್ಲವನ್ನೂ ಹೊರಗಿಟ್ಟು ಬಾಗಿಲ ಹೊರಗೆ ನಿಂತ. ಎಂಜಿನಿಯರುಗಳಲ್ಲಿ ದಿಲೀಪ್ ಎಂಬವನು ಮಾತುಗಾರ. ಮಣಿಕಟ್ಟಿನಷ್ಟು ದಪ್ಪದ ಕೇಬಲ್ಲನ್ನು ಯಂತ್ರದ ನೆತ್ತಿಗೆ ಇಳಿಸಿ, ಇನ್ನೊಂದು ತುದಿಯನ್ನು ಬಾಗಿಲಾಚೆ ಇಟ್ಟಿದ್ದ ಕಪಾಟಿನಂಥ ಪೆಟ್ಟಿಗೆಗೆ ಸೇರಿಸಿದ. ಮೀಟರು ಏರಿತು. ಐವತ್ತು, ನೂರು, ಇನ್ನೂರು. ನಾನೂರು ಆಂಪಿಯರ್ ದಾಟಿತು. ತಿಮ್ಮಪ್ಪ ಕಣ್ಣುಜ್ಜಿಕೊಂಡ. ಹತ್ತು ಎಚ್.ಪಿ.ಯ ಪಲ್ಪರ್ ಮೋಟರು ಎಳೆಯುವುದು ಹದಿನಾಲ್ಕು ಆಂಪಿಯರ್. ವೋಲ್ಟ್ ಎಷ್ಟೆಂದು ಕೇಳಿದ. ಟಾರ್ಚಿನ ಎರಡು ಸೆಲ್ಲಿನಷ್ಟು ಎಂದ ದಿಲೀಪ್.

ಆಮೇಲೆ ದಿಲೀಪ್ ಏನೋ ತಿರುಗಿಸಿ, ಕಾದು, ಪೆಟ್ಟಿಗೆಯ ಮೀಟರನ್ನು ಸೊನ್ನೆಗೆ ಇಳಿಸಿ, ಕೇಬಲ್ಲನ್ನು ಯಂತ್ರದಿಂದ ಕಿತ್ತುಬಿಟ್ಟ. ಸುತ್ತಿ ಪೆಟ್ಟಿಗೆಯೊಳಗಿಟ್ಟ. ಪೆಟ್ಟಿಗೆಗೆ ಬೀಗ ಹಾಕಿದ.

"ಸಪ್ಲೈ ಕಿತ್ರಲ್ಲ ಸಾರ್. ಈಗ?" ಎಂದ ತಿಮ್ಮಪ್ಪ.

"ಈಗ ಊಟ," ಎಂದ ದಿಲೀಪ್.

ತಿಮ್ಮಪ್ಪ ಅವನನ್ನು ಊಟಕ್ಕೆ ಬಿಡಲಿಲ್ಲ. ಹತ್ತು ನಿಮಿಷ ಕೊಡಿ ಎಂದು ಬೇಡಿಕೊಂಡ. ಮೇನ್ ಬೋರ್ಡಿನ ಮೂರು ಫ್ಯೂಸು ಕಿತ್ತ. ಜನರೇಟರಿನ ಎರಡು ಕಿತ್ತ. ಯು.ಪಿ.ಎಸ್. ಬ್ಯಾಟರಿಯ ತಂತಿಗಳನ್ನು ತಾನೇ ಸ್ಕ್ರೂ ತಿರುಗಿಸಿ ಬಿಡಿಸಿದ. ಕಟ್ಟಡದಲ್ಲಿ ಒಂದು ದೀಪ ಉಳಿಯಲಿಲ್ಲ. ಚಿಕ್ ಚಿಕ್ ನಿಂತಿತು. ಐದು ಫ್ಯೂಸುಗಳ ಭಾರಕ್ಕೆ ಜೇಬು ಜೋತುಬಿದ್ದಿತು. ಅವನು ಬಾಗಿಲ ಹೊರಗೇ ನಿಂತು, ನೋಡಿ ಎಂದ. ದಿಲೀಪ್ ಒಂದು ಗುಂಡುಸೂಜಿಯನ್ನು ನೂಲಿಗೆ ಕಟ್ಟಿ, ನೂಲಿನ ತುದಿ ಹಿಡಿದು ಯಂತ್ರದ ಕಡೆಗೆ ನಡೆದ. ಹಾಲಿನ ಕಿಟಕಿಯಿಂದ ಬಾಗಿಲೊಳಗೆ ಬಿದ್ದ ಬೆಳಕಿನಲ್ಲಿ ತಿಮ್ಮಪ್ಪನಿಗೆ ಸ್ಪಷ್ಟವಾಗಿ ಕಂಡಿತು. ಕೆಳಕ್ಕೆ ಜೋತಿದ್ದ ಸೂಜಿ ಮೊದಲು ಓರೆಯಾಯಿತು. ಇನ್ನೊಂದು ಹೆಜ್ಜೆಗೆ ನೆಲಕ್ಕೆ ಸಮನಾಗಿ, ನೂಲನ್ನು ಬಿಗಿಯಾಗಿ ಎಳೆದುಕೊಂಡು, ಗಾಳಿಯಲ್ಲಿ ಮಲಗಿತು.

ಇದು ಎಷ್ಟು ಹೊತ್ತು ಹೀಗೆ ಇರುತ್ತದೆಂದು ತಿಮ್ಮಪ್ಪ ಕೇಳಿದ. ತಣ್ಣಗಿಟ್ಟರೆ ನಮ್ಮ ನಿಮ್ಮ ಕಾಲ ಮುಗಿದ ಮೇಲೂ ಇರುತ್ತದೆ ಎಂಬ ಉತ್ತರ ಬಂತು.

ಅವನು ಫ್ಯೂಸುಗಳನ್ನೆಲ್ಲ ವಾಪಸು ಹಾಕಿ ನೇರವಾಗಿ ಸುರೇಂದ್ರರ ಕೋಣೆಗೆ ಹೋದ. ತಾನು ಹೇಳಿದ್ದು ತಪ್ಪು. ರಕ್ಷಾ ಯಾವ ಸ್ವಿಚ್ಚನ್ನೂ ಮುಟ್ಟಿಲ್ಲ. ಬರಬೇಡಿ ಎಂದಿದ್ದಳು, ಕೇಳಿಸಿಯೂ ತಾನು ಹೋದೆ ಎಂದ. ಸುರೇಂದ್ರ ಒಳ್ಳೆಯ ಮನುಷ್ಯ, ಆದರೆ ಅವರ ಮೇಜಿನ ಮೇಲೆ ವಿಮೆಯ ಕಾಗದಗಳು ಸಿದ್ಧವಾಗಿದ್ದವು, ಅವುಗಳಲ್ಲಿ ಸಿಬ್ಬಂದಿಯ ತಪ್ಪು ಎಂದು ಬರೆದಾಗಿತ್ತು. ಈಗ ಇದನ್ನೆಲ್ಲ ಎಳೆದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ ತಿಮ್ಮಪ್ಪ, ಚಿಕ್ಕ ಹುಡುಗಿ, ಬೇರೆಲ್ಲಾದರೂ ಕೆಲಸ ಸಿಗುತ್ತದೆ ಬಿಡಿ ಎಂದರು.

"ಒಳಗೆ ಜನ ಇದ್ದಾಗ ಕರೆಂಟ್ ಕೊಟ್ಟೋಳು ಅಂತ ಹೆಸರು ಹೋದ್ರೆ ಯಾರು ಸಾರ್ ತಗೋತಾರೆ? ನಾನಾದ್ರೆ ತಗೊಳ್ಳಲ್ಲ. ಕಾಗದ ಕೊಡಿ, ಬರೀತೀನಿ."

ಅವನು ನಿಧಾನವಾಗಿ, ಏಳು ಸಾಲು ಬರೆದು ಸಹಿ ಹಾಕಿದ. ಸುರೇಂದ್ರ ಅದನ್ನು ಎರಡು ಸಲ ಓದಿದರು. ಹರಿದುಹಾಕಲಿಲ್ಲ. ನಾಳೆಯಿಂದ ಇಲ್ಲಿಗೂ ಎಸ್ಟೇಟಿಗೂ ನೀವು ಬರುವುದು ಬೇಡ ಎಂದರು. ತಿಮ್ಮಪ್ಪನಿಗೆ ಅದು ನ್ಯಾಯವಾಗಿಯೇ ಕಂಡಿತು.

ವಿಚಾರಣೆ ನಡೆಯಲಿಲ್ಲ. ರಕ್ಷಾಳಿಗೆ ಕೆಲಸಕ್ಕೆ ಬರಲು ಕಾಗದ ಹೋಯಿತು. ಅದು ತಲುಪಿದ ದಿನ ತಿಮ್ಮಪ್ಪ ಜಾವಳಿಗೆ ಹೋದ. ಪಾಪಮ್ಮ ತೋಟಕ್ಕೆ ಹೋಗಿದ್ದಳು. ಪ್ಲಾಸ್ಟರ್ ಬಿಚ್ಚಿದ ರಕ್ಷಾಳ ಕೈ ಇನ್ನೊಂದರ ಅರ್ಧದಷ್ಟು ತೆಳ್ಳಗಾಗಿತ್ತು. ಅವಳು ಕುಳಿತುಕೊಳ್ಳಿ ಎನ್ನಲಿಲ್ಲ. ಅವನು ನಿಂತೇ, ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಲು ಶುರುಮಾಡಿದ. ದಯಾನಂದನ ಕಥೆ, ಅಡಿಗೆಯವನ ಕಥೆ, ಮೇಡಂ ಹೇಳಿದ ಸೀಸದ ಕಡ್ಡಿ. ಅವಳು ನಡುವೆಯೇ ತಡೆದಳು.

"ನಾನು ಬೇಡ ಅಂದಿದ್ದು ನಿಮಗೆ ಕೇಳ್ಸಿತ್ತಾ, ಇಲ್ವಾ?"

"ಕೇಳ್ಸಿತ್ತು ಕಣಮ್ಮ."

"ಹಾಗಾದ್ರೆ ಅಷ್ಟೇ ಹೇಳಿ. ಆದ್ರೆ ಇಲ್ಲಲ್ಲ. ಎಲ್ಲಿ ನಿಂತು ನನ್ನ ಹೆಸರು ಹೇಳಿದ್ರೋ ಅಲ್ಲಿ."

ಸೋಮವಾರ ಸೆಂಟರಿನ ಹಾಲು ತುಂಬಿತ್ತು. ತಿಮ್ಮಪ್ಪ ಒಗೆದ ಅಂಗಿ ತೊಟ್ಟು ಬಂದು ನಡುವೆ ನಿಂತ. ಕೌಂಟರಿನವರು, ಆಯಾಗಳು, ಸುರೇಂದ್ರ, ಕೆಲಸಕ್ಕೆ ಮರಳಿದ್ದ ರಕ್ಷಾ, ಎಲ್ಲರೂ ಇದ್ದರು. ಈ ಹುಡುಗಿ ಸ್ವಿಚ್ಚು ಮುಟ್ಟಿಲ್ಲ, ಯಂತ್ರ ಆಫ್ ಆಗುವುದಿಲ್ಲವೆಂದು ನನಗೆ ಹೇಳಿದ್ದಳು, ನನಗೆ ಕೇಳಿಸಿತ್ತು, ನಾನು ಹೋದೆ, ಇವಳ ಕೈ ಮುರಿದದ್ದು ನನ್ನಿಂದ ಎಂದು ಹೇಳಿದ. ಅವನ ಧ್ವನಿ ಕೊನೆಯ ಸಾಲಿನವರೆಗೂ ಮುಟ್ಟಿತು. ಅವತ್ತು ಅಲ್ಲಿದ್ದ ರೋಗಿಗಳು ಇವರಲ್ಲ. ಯಾವ ಕೈ, ಯಾವ ಸ್ವಿಚ್ಚು ಎಂದು ಅವರಿಗೆ ತಿಳಿಯಲಿಲ್ಲ. ಚೀಟಿ ಹಿಡಿದು ಬೆಳಿಗ್ಗೆಯಿಂದ ಕಾದಿದ್ದ ಮುದುಕರೊಬ್ಬರು, ಎಲ್ಲ ಸರಿ, ನಮ್ಮ ನಂಬರ್ ಯಾವಾಗ ಎಂದು ಕೇಳಿದರು.

ರಕ್ಷಾ ಪಟ್ಟಿ ನೋಡಿ, ಅವರ ಹೆಸರು ಕರೆದಳು.